ಸಂತೆ ಮೈದಾನಕ್ಕೆ ಬಂದದ್ದು ನಿಷೇಧಾಜ್ಞೆಯೋ, ತಡೆಯಾಜ್ಞೆಯೋ, ನಿರ್ಬಂಧಕಾಜ್ಞೆಯೋ?

ವರದಾತೀರ:
ತಾಲ್ಲೂಕು ಮಟ್ಟದ ವಾರಪತ್ರಿಕೆಯೊಂದಕ್ಕೆ ಹನ್ನೊಂದು ವರ್ಷಗಳಿಂದ ವರದಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ನಾನು ಬರೆದ ಒಂದು ವಾಕ್ಯದಿಂದಾಗಿ ನಮ್ಮೂರಿನ ಮಂಗಳವಾರದ ಸಂತೆಗೆ ಅರ್ಧದಷ್ಟು ವ್ಯಾಪಾರಿಗಳು ಬರಲೇ ಇಲ್ಲ. ಆ ವಾಕ್ಯದಲ್ಲಿ ಎಡವಿದ್ದೆಲ್ಲಿ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಗ್ರಾಮ ಪಂಚಾಯಿತಿಯು ಸಂತೆ ಮೈದಾನದ ಪೂರ್ವದ ಅಂಚಿನಲ್ಲಿ ಹತ್ತು ಮಳಿಗೆಗಳನ್ನು ಕಟ್ಟಲು ಅಡಿಪಾಯ ತೆಗೆಸಿತ್ತು. ಆ ಅಂಚಿನ ಜಾಗ ತಮ್ಮ ಹಿರಿಯರದ್ದೆಂದು ಹೇಳುವ ಕುಟುಂಬವೊಂದು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅಲ್ಲಿ ಯಾವ ಕಟ್ಟಡವನ್ನೂ ಕಟ್ಟಬಾರದೆಂದು ನ್ಯಾಯಾಲಯವು ಪಂಚಾಯಿತಿಗೆ ಆದೇಶಿಸಿತು. ನಾನು ಕೊಟ್ಟ ತಲೆಬರಹ: ‘ಸಂತೆ ಮೈದಾನದಲ್ಲಿ ನ್ಯಾಯಾಲಯದಿಂದ ನಿಷೇಧಾಜ್ಞೆ ಜಾರಿ’. ಓದಿದವರು ಅಲ್ಲಿ ಐದು ಜನ ಸೇರುವಂತಿಲ್ಲವೆಂದು ತಿಳಿದರು. ಸೊಪ್ಪು ಮಾರುವ ಹೆಂಗಸರು ಪಕ್ಕದ ಊರಿಗೆ ಹೋದರು. ಅದೇ ವಾರ ಮೈದಾನದ ಬದಿಯ ಸಮುದಾಯ ಭವನದಲ್ಲಿ ಮದುವೆ ಇಟ್ಟುಕೊಂಡಿದ್ದವರು ಪೊಲೀಸ್ ಅನುಮತಿ ಬೇಕೇ ಎಂದು ನನ್ನನ್ನೇ ಕೇಳಿದರು. ಒಂದು ಪದದ ತಪ್ಪಿನಿಂದ ಜನರ ಒಂದು ದಿನದ ದುಡಿಮೆ ಹೋಯಿತು ಎಂಬುದು ನನ್ನನ್ನು ಈಗಲೂ ಕಾಡುತ್ತಿದೆ.

ಈ ವಾರ ತಿದ್ದುಪಡಿ ಪ್ರಕಟಿಸಬೇಕು. ಯಾವ ಪದ ಬಳಸಲಿ, ವಾಕ್ಯವನ್ನು ಹೇಗೆ ಕಟ್ಟಲಿ?

ಕರಡುಪ್ರತಿ:
ನಾನು ವಕೀಲ. ನಿಮ್ಮ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ‘ನಿಷೇಧಾಜ್ಞೆ’. ಕನ್ನಡ ಓದುಗರ ಮನಸ್ಸಿನಲ್ಲಿ ಈ ಪದವು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮಿನೊಂದಿಗೆ ಬೆಸೆದುಕೊಂಡಿದೆ. 2024ರ ಜುಲೈ 1ರಿಂದ ಆ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು ಬಂದಿದೆ. ಅದನ್ನು ಹೊರಡಿಸುವವರು ಜಿಲ್ಲಾ ದಂಡಾಧಿಕಾರಿಯಂಥ ಕಾರ್ಯನಿರ್ವಾಹಕ ದಂಡಾಧಿಕಾರಿಗಳೇ ಹೊರತು ಸಿವಿಲ್ ನ್ಯಾಯಾಧೀಶರಲ್ಲ. ಸಾಮಾನ್ಯವಾಗಿ ಅದು ಎರಡು ತಿಂಗಳಿಗಿಂತ ಹೆಚ್ಚು ಕಾಲ ಜಾರಿಯಲ್ಲಿರುವಂತಿಲ್ಲ, ಅದಕ್ಕೂ ಮುಂದಕ್ಕೆ ವಿಸ್ತರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದು ಶಾಂತಿಪಾಲನೆಯ ವಿಷಯ. ನಿಮ್ಮೂರಿನದು ಇಬ್ಬರು ಕಕ್ಷಿದಾರರ ನಡುವಿನ ಆಸ್ತಿಯ ವಿಷಯ. ಎರಡನೆಯ ತಪ್ಪು ‘ಮೈದಾನದಲ್ಲಿ’ ಎಂಬುದು. ಆಜ್ಞೆಗೆ ಒಳಪಟ್ಟದ್ದು ಪಂಚಾಯಿತಿಯೇ ಹೊರತು ಮೈದಾನಕ್ಕೆ ಬರುವ ಜನರಲ್ಲ.

ಹೊಂಗೆನೆರಳು:
ಹಾಗಾದರೆ ‘ತಡೆಯಾಜ್ಞೆ’ ಎಂದು ಬರೆದಿದ್ದರೆ ಸಾಕಾಗುತ್ತಿತ್ತಲ್ಲವೇ?

ಕರಡುಪ್ರತಿ:
ಸಾಕಾಗುತ್ತಿತ್ತು. ಕನ್ನಡದ ಎಲ್ಲ ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ, ಓದುಗರಿಗೂ ಅರ್ಥವಾಗುತ್ತದೆ.

ಹಳೆಯ ದಫ್ತರ:
ನನ್ನ ಒಪ್ಪಿಗೆ ಇಲ್ಲ. ಮೂವತ್ತೆರಡು ವರ್ಷ ಕೆಳ ನ್ಯಾಯಾಲಯಗಳ ಕಚೇರಿಯಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ‘ಎಲ್ಲರಿಗೂ ಅರ್ಥವಾಗುತ್ತದೆ’ ಎಂಬ ಮಾತನ್ನು ನಂಬಿದ್ದರಿಂದಲೇ ಎರಡು ಬೇರೆ ಬೇರೆ ಆಜ್ಞೆಗಳು ಒಂದೇ ಪದದೊಳಗೆ ಸೇರಿಹೋಗಿವೆ. ಇಂಗ್ಲಿಷಿನಲ್ಲಿ ‘ಸ್ಟೇ’ ಎನ್ನುವುದು ಬೇರೆ, ‘ಇಂಜಂಕ್ಷನ್’ ಎನ್ನುವುದು ಬೇರೆ. ಮೇಲ್ಮನವಿ ಹಾಕಿದವನು ಕೆಳ ನ್ಯಾಯಾಲಯದ ಡಿಕ್ರಿಯ ಅಮಲ್ಜಾರಿಯನ್ನು, ಅಂದರೆ ತೀರ್ಪಿನಲ್ಲಿ ಹೇಳಿದ್ದನ್ನು ಕಾರ್ಯಗತಗೊಳಿಸುವುದನ್ನು, ನಿಲ್ಲಿಸಿ ಎಂದು ಕೇಳುತ್ತಾನಲ್ಲ, ಅದು ಸ್ಟೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ (ಸಂಹಿತೆಯೊಳಗಿನ ನಿಯಮಗಳ ಅಧ್ಯಾಯಕ್ಕೂ ‘ಆದೇಶ’ ಎಂದೇ ಹೆಸರು) 5ನೇ ನಿಯಮದಲ್ಲಿ ಅದು ಬರುತ್ತದೆ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಗೆ ತಡೆ ಬಿದ್ದಂತಾಗುವುದಿಲ್ಲವೆಂದು ಅಲ್ಲಿಯೇ ಹೇಳಿದೆ. ನೆರೆಯವನು ನನ್ನ ಜಮೀನಿಗೆ ಕಾಲಿಡದಂತೆ ಮಾಡಿ ಎಂದು ವಾದಿ ಕೇಳುವುದು ಇಂಜಂಕ್ಷನ್. ಅದು 39ನೇ ಆದೇಶದ 1 ಮತ್ತು 2ನೇ ನಿಯಮಗಳಲ್ಲಿದೆ, ಶಾಶ್ವತವಾದದ್ದು ಬೇಕಿದ್ದರೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 38ನೇ ಕಲಮಿದೆ. ನಮ್ಮ ಕನ್ನಡ ವಾದಪತ್ರಗಳಲ್ಲಿ ಇದನ್ನು ‘ನಿರ್ಬಂಧಕಾಜ್ಞೆ’ ಎಂದು ಬರೆಯುತ್ತ ಬಂದಿದ್ದೇವೆ. ಸಂತೆ ಮೈದಾನಕ್ಕೆ ಬಂದದ್ದು ತಾತ್ಕಾಲಿಕ ನಿರ್ಬಂಧಕಾಜ್ಞೆ. ತಡೆಯಾಜ್ಞೆ ಅಲ್ಲ.

ಸುದ್ದಿಮನೆ ಮೇಜು:
ದಫ್ತರದವರ ಅನುಭವಕ್ಕೆ ಗೌರವವಿದೆ, ಆದರೆ ಪತ್ರಿಕೆಯನ್ನು ವಾದಪತ್ರದಂತೆ ಬರೆಯಲು ಬರುವುದಿಲ್ಲ. ತಲೆಬರಹಕ್ಕೆ ನಮಗೆ ಸಿಗುವುದು ಮೂರು ಅಥವಾ ನಾಲ್ಕು ಪದಗಳ ಜಾಗ. ‘ತಡೆಯಾಜ್ಞೆ’ಯನ್ನು ಹಳ್ಳಿಯ ಓದುಗನೂ ಬಲ್ಲ. ‘ನಿರ್ಬಂಧಕಾಜ್ಞೆ’ ಎಂದರೆ ಅವನು ಮತ್ತೆ ನಿಷೇಧಾಜ್ಞೆಯನ್ನೇ ನೆನೆಯುತ್ತಾನೆ. ಕೆಲವು ಪತ್ರಿಕೆಗಳು 144ನೇ ಕಲಮಿನ ಆದೇಶವನ್ನೇ ‘ಪ್ರತಿಬಂಧಕಾಜ್ಞೆ’ ಎಂದು ಬರೆದದ್ದೂ ಇದೆ, ಹೀಗಾಗಿ ಗೊಂದಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಜನ ಬಳಸುವ ಪದವೇ ಸರಿಯಾದ ಪದ ಎಂಬುದು ನನ್ನ ನಿಲುವು.

ಹಳೆಯ ದಫ್ತರ:
ಜನ ‘ನಿಷೇಧಾಜ್ಞೆ’ಯನ್ನೂ ಬಳಸುತ್ತಾರೆ. ಅದರಿಂದ ಸಂತೆಗೆ ಏನಾಯಿತೆಂಬುದನ್ನು ಮೊದಲ ಬರಹದಲ್ಲಿಯೇ ಓದಿದ್ದೀರಿ.

ನುಡಿಗಟ್ಟು:
ನಾನು ಕನ್ನಡ ಪಾಠ ಮಾಡುವವಳು, ಕಾನೂನು ತಿಳಿದವಳಲ್ಲ. ಆದರೂ ವಾಕ್ಯದ ಕಡೆಯಿಂದ ನೋಡಿದರೆ ನೀವಿಬ್ಬರೂ ಹೇಳುತ್ತಿರುವ ವ್ಯತ್ಯಾಸವು ವಿಭಕ್ತಿಯಲ್ಲಿಯೇ ಕಾಣುತ್ತದೆ. ‘ತಡೆ’ ಎಂಬ ಪದವು ಚತುರ್ಥಿಯನ್ನು ಬೇಡುತ್ತದೆ: ಅಮಲ್ಜಾರಿಗೆ ತಡೆ, ವರ್ಗಾವಣೆಗೆ ತಡೆ, ಹರಾಜಿಗೆ ತಡೆ. ಅಂದರೆ ಯಾವುದೋ ಒಂದು ಕ್ರಿಯೆಗೆ, ಯಾವುದೋ ಒಂದು ಆದೇಶಕ್ಕೆ ತಡೆ ಬೀಳುತ್ತದೆ. ‘ನಿರ್ಬಂಧ’ವೋ ಒಬ್ಬ ವ್ಯಕ್ತಿಯನ್ನು ಹುಡುಕುತ್ತದೆ: ಪ್ರತಿವಾದಿಯ ವಿರುದ್ಧ ನಿರ್ಬಂಧಕಾಜ್ಞೆ, ಪಂಚಾಯಿತಿಯ ವಿರುದ್ಧ ನಿರ್ಬಂಧಕಾಜ್ಞೆ. ಬರೆಯುವವರು ‘ಯಾವುದಕ್ಕೆ?’ ಎಂದು ಕೇಳಿಕೊಂಡಾಗ ಸಹಜವಾದ ಉತ್ತರ ಬಂದರೆ ತಡೆಯಾಜ್ಞೆ, ‘ಯಾರ ವಿರುದ್ಧ?’ ಎಂದು ಕೇಳಿಕೊಂಡಾಗ ಬಂದರೆ ನಿರ್ಬಂಧಕಾಜ್ಞೆ. ‘ಪಂಚಾಯಿತಿಗೆ ತಡೆ’ ಎಂದು ಬರೆದು ನೋಡಿ, ವಾಕ್ಯ ಕುಂಟುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ‘ನಿರ್ಬಂಧ’ಕ್ಕೆ ಮಾಡಬೇಡವೆಂದು ಕಟ್ಟಿಹಾಕುವ ಅರ್ಥವಷ್ಟೇ ಅಲ್ಲ, ಮಾಡಲೇಬೇಕೆಂದು ಒತ್ತಾಯಿಸುವ ಅರ್ಥವೂ ಇದೆ. ‘ಉಂಡು ಹೋಗಬೇಕೆಂದು ನಿರ್ಬಂಧ ಮಾಡಿದರು’ ಎನ್ನುತ್ತೇವಲ್ಲ, ಹಾಗೆ. ಈ ಎರಡನೆಯ ಅರ್ಥಕ್ಕೆ ಕಾನೂನಿನಲ್ಲಿ ಏನಾದರೂ ಸ್ಥಾನವಿದೆಯೇ?

ಹಳೆಯ ದಫ್ತರ:
ಇದೆ! ನಿರ್ದಿಷ್ಟ ಪರಿಹಾರ ಅಧಿನಿಯಮದ 39ನೇ ಕಲಮು ಅದಕ್ಕಾಗಿಯೇ ಇದೆ. ಪ್ರತಿವಾದಿಯು ದಾರಿಗೆ ಅಡ್ಡಲಾಗಿ ಗೋಡೆ ಕಟ್ಟಿಬಿಟ್ಟಿದ್ದರೆ ಅದನ್ನು ಕೆಡವಲೇಬೇಕೆಂದು ನ್ಯಾಯಾಲಯ ಆಜ್ಞಾಪಿಸಬಹುದು. ಅದನ್ನು ‘ಆಜ್ಞಾಪಕ ನಿರ್ಬಂಧಕಾಜ್ಞೆ’ ಎನ್ನುತ್ತೇವೆ. ಇದನ್ನು ‘ತಡೆಯಾಜ್ಞೆ’ ಎಂದು ಕರೆದರೆ ಗೋಡೆ ಕೆಡವುವುದಕ್ಕೇ ತಡೆ ಬಂತೆಂದು ಓದುಗ ತಿಳಿಯುತ್ತಾನೆ. ಮೂವತ್ತೆರಡು ವರ್ಷ ಈ ಪದವನ್ನು ಬರೆದೂ ಅದರೊಳಗೆ ಎರಡೂ ಅರ್ಥಗಳಿವೆಯೆಂದು ನಾನು ಯೋಚಿಸಿರಲಿಲ್ಲ. ಧನ್ಯವಾದ.

ಕರಡುಪ್ರತಿ:
ನುಡಿಗಟ್ಟು ಅವರ ಪರೀಕ್ಷೆ ಚೆನ್ನಾಗಿದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ‘ಮಳಿಗೆ ನಿರ್ಮಾಣಕ್ಕೆ ತಡೆಯಾಜ್ಞೆ’ ಎಂಬ ವಾಕ್ಯದಲ್ಲಿ ಚತುರ್ಥಿಯೂ ಸರಿಯಾಗಿದೆ, ಕನ್ನಡವೂ ಸಹಜವಾಗಿದೆ, ಕಾನೂನಿನಲ್ಲಿ ಮಾತ್ರ ಅದು ಇಂಜಂಕ್ಷನ್. ವಿಭಕ್ತಿಯನ್ನು ನೋಡಿಕೊಂಡು ಯಾವ ಆಜ್ಞೆಯೆಂದು ಹೇಳಲು ಸಾಧ್ಯವಿಲ್ಲ.

ನುಡಿಗಟ್ಟು:
ಒಪ್ಪುತ್ತೇನೆ. ಪರೀಕ್ಷೆಯನ್ನು ಹೀಗೆ ಬಿಗಿಗೊಳಿಸೋಣವೇ? ತಡೆಗೆ ಒಳಗಾದದ್ದು ಮೊದಲೇ ಇದ್ದ ಒಂದು ಆದೇಶವೋ, ಡಿಕ್ರಿಯೋ, ವಿಚಾರಣೆಯೋ ಆಗಿದ್ದರೆ ತಡೆಯಾಜ್ಞೆ. ಒಬ್ಬರ ಕೈಯ ಕೆಲಸವಾಗಿದ್ದರೆ ನಿರ್ಬಂಧಕಾಜ್ಞೆ.

ಕರಡುಪ್ರತಿ:
ಹೌದು, ಇದು ನಿಲ್ಲುತ್ತದೆ. ಸುಪ್ರೀಂ ಕೋರ್ಟ್ 1967ರಲ್ಲಿ ಮುಲ್‌ರಾಜ್ ಪ್ರಕರಣದಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅಮಲ್ಜಾರಿಗೆ ಬಂದ ತಡೆಯು ಅದನ್ನು ನಡೆಸುತ್ತಿರುವ ನ್ಯಾಯಾಲಯವನ್ನು ಉದ್ದೇಶಿಸಿದ್ದು. ಆ ನ್ಯಾಯಾಲಯಕ್ಕೆ ತಿಳಿದ ಕ್ಷಣದಿಂದ ಅದು ಮುಂದುವರಿಯುವಂತಿಲ್ಲ, ಮುಂದುವರಿದರೆ ಆ ನಡವಳಿಗಳು ಶೂನ್ಯವಾಗುತ್ತವೆ. ನಿರ್ಬಂಧಕಾಜ್ಞೆಯಾದರೋ ಸಾಮಾನ್ಯವಾಗಿ ಕಕ್ಷಿದಾರನನ್ನು ಉದ್ದೇಶಿಸಿದ್ದು. ಅವನಿಗೆ ತಿಳಿದ ಮೇಲೆಯೇ ಉಲ್ಲಂಘನೆಗಾಗಿ ಅವನನ್ನು ಶಿಕ್ಷಿಸಬಹುದು. ದಫ್ತರದವರೇ, ನನ್ನ ಮೊದಲ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ. ಯಾರಿಗೆ ಯಾವಾಗ ಶಿಕ್ಷೆಯಾಗುತ್ತದೆ ಎಂಬುದೇ ಪದದ ಮೇಲೆ ನಿಂತಿರುವಾಗ, ವಕೀಲನಾದವನು ‘ಎಲ್ಲವೂ ಒಂದೇ’ ಎನ್ನಬಾರದಿತ್ತು.

ಮಲಪ್ರಭೆ:
ನಮ್ಮ ಬೆಳಗಾವಿಯ ಕಡೆ ಅಜ್ಜಂದಿರ ಬಾಯಲ್ಲಿ ಈ ಗೊಂದಲವೇ ಇರಲಿಲ್ಲ. ಮರಾಠಿಯ ಪ್ರಭಾವದಿಂದ ಬಂದ ‘ಮನಾಯಿ ಹುಕುಂ’ ಎಂಬ ಮಾತನ್ನು ಅವರು ಇಂಜಂಕ್ಷನ್ನಿಗೆ ಹೇಳುತ್ತಿದ್ದರು. ಅಪೀಲಿನಲ್ಲಿ ನಿಂತದ್ದಕ್ಕೆ ‘ಸ್ಟೇ’ ಎಂದೇ ಹೇಳುತ್ತಿದ್ದರು. ಅಜ್ಜನ ಹಳೆಯ ಕಾಗದಗಳ ಗಂಟಿನಲ್ಲಿ ಈಗಲೂ ಆ ಮಾತಿದೆ. ಮೊಮ್ಮಕ್ಕಳಾದ ನಾವು ಎರಡಕ್ಕೂ ‘ಸ್ಟೇ ತಂದೇವಿ’ ಎನ್ನುತ್ತೇವೆ.

ಅಕ್ಷರಶುದ್ಧಿ:
ಪದದ ಅರ್ಥಕ್ಕಿಂತ ಮೊದಲು ಕಾಗುಣಿತ ಸರಿಯಾಗಲಿ. ‘ತಡಯಾಜ್ಞೆ’, ‘ತಡೆಆಜ್ಞೆ’, ‘ತಡೆಯಾಜ್ಞ’ ಎಂಬ ಮೂರನ್ನೂ ನಾನು ಅಚ್ಚಿನಲ್ಲಿ ಕಂಡಿದ್ದೇನೆ. ತಡೆ ಮತ್ತು ಆಜ್ಞೆ ಸೇರುವಾಗ ನಡುವೆ ಯಕಾರ ಬರುತ್ತದೆ, ಕೆರೆಯಲ್ಲಿ, ಮನೆಯಲ್ಲಿ ಬಂದ ಹಾಗೆಯೇ. ಮೊದಲ ಪದದ ಎಕಾರ ಹೋಗಬಾರದು. ಅದಿರಲಿ, ಕನ್ನಡದ ‘ತಡೆ’ಗೆ ಸಂಸ್ಕೃತದ ‘ಆಜ್ಞೆ’ಯನ್ನು ಸೇರಿಸಿದ್ದು ಅರಿಸಮಾಸವಾಗುತ್ತದೆ. ಈ ಪದವನ್ನೇ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ನುಡಿಗಟ್ಟು:
ಅರಿಸಮಾಸವನ್ನು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನು ದೋಷವೆಂದು ಹೇಳಿದ್ದು ನಿಜ. ಆದರೆ ಹಿಂದಿನವರ ಬಳಕೆಯಲ್ಲಿ ನಿಂತದ್ದನ್ನು ಅವನೂ ಒಪ್ಪಿಕೊಂಡ. ‘ಮಳೆಗಾಲ’, ‘ಚಳಿಗಾಲ’ಗಳಲ್ಲಿಯೂ ಕನ್ನಡಕ್ಕೆ ಸಂಸ್ಕೃತದ ಕಾಲ ಸೇರಿದೆ, ಅವನ್ನು ಕೈಬಿಡಬೇಕೆಂದು ಯಾರೂ ಹೇಳುವುದಿಲ್ಲ. ತಡೆಯಾಜ್ಞೆ ಕನ್ನಡದ ಕಿವಿಗೆ ಒಗ್ಗಿಹೋಗಿದೆ.

ಅಕ್ಷರಶುದ್ಧಿ:
ಮಳೆಗಾಲ ಸಾವಿರ ಬಾಯಿಗಳಲ್ಲಿ ಸವೆದು ಬಂದ ಪದ. ತಡೆಯಾಜ್ಞೆ ಕಚೇರಿಯಲ್ಲಿ ಕಟ್ಟಿದ ಪದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಸುಗ್ರೀವಾಜ್ಞೆಯನ್ನು ನೋಡಿ, ಎರಡೂ ಸಂಸ್ಕೃತ ಪದಗಳು, ಎಷ್ಟು ಸರಾಗವಾಗಿ ಸೇರಿಕೊಂಡಿವೆ.

ಹೊಂಗೆನೆರಳು:
ಸುಗ್ರೀವಾಜ್ಞೆಯೂ ನ್ಯಾಯಾಲಯದ ಆಜ್ಞೆಯೇ?

ಕರಡುಪ್ರತಿ:
ಅಲ್ಲ. ಶಾಸನಸಭೆಯ ಅಧಿವೇಶನ ಇಲ್ಲದಿರುವಾಗ ಸಂವಿಧಾನದ 123ನೇ ವಿಧಿಯಡಿ ರಾಷ್ಟ್ರಪತಿಯವರೂ 213ನೇ ವಿಧಿಯಡಿ ರಾಜ್ಯಪಾಲರೂ ಹೊರಡಿಸುವ ಕಾನೂನು ಅದು. ಕೊನೆಯಲ್ಲಿ ‘ಆಜ್ಞೆ’ ಇದೆ ಎಂಬ ಕಾರಣಕ್ಕೆ ಮಾತ್ರ ಇವೆಲ್ಲ ಒಂದೇ ಗುಂಪಿನಲ್ಲಿ ಕಾಣುತ್ತವೆ. ದಯವಿಟ್ಟು ಸಂತೆ ಮೈದಾನಕ್ಕೆ ಹಿಂದಿರುಗೋಣ, ವರದಾತೀರ ಅವರಿಗೆ ಈ ವಾರವೇ ಉತ್ತರ ಬೇಕಾಗಿದೆ.

ಅಡಿಕೆತೋಟ:
ಕಾನೂನಿನ ಪದವನ್ನು ಸರಿಯಾಗಿ ತಿಳಿಯದೆ ನಮ್ಮ ಮನೆಯವರು ಪಟ್ಟ ಕಷ್ಟವನ್ನು ಹೇಳುತ್ತೇನೆ. ಅಪ್ಪ ತೋಟದ ಬೇಲಿಯ ವಿಷಯಕ್ಕೆ ದಾವೆ ಹೂಡಿದ್ದರು. ಎರಡನೆಯ ವಾರವೇ ವಕೀಲರ ಗುಮಾಸ್ತರು ದೂರವಾಣಿಯಲ್ಲಿ ‘ತಡೆಯಾಜ್ಞೆ ಆಯಿತು’ ಎಂದರು. ಅಪ್ಪ ಅದನ್ನು ‘ಗೆದ್ದೆವು’ ಎಂದು ಕೇಳಿಸಿಕೊಂಡರು. ಮನೆಯಲ್ಲಿ ಪಾಯಸ ಮಾಡಿಸಿದರು, ಬೇಲಿ ಸರಿಸಿ ಹೊಸ ಸಸಿಗಳನ್ನು ನೆಡಿಸಿದರು. ಎದುರಿನವರಿಗೆ ನೋಟಿಸು ಮುಟ್ಟಿ ಅವರು ತಕರಾರು ಸಲ್ಲಿಸಿದ ಮೇಲೆ ಎರಡು ವಾಯಿದೆಗಳಿಗೆ ಅಪ್ಪ ಹೋಗಲೇ ಇಲ್ಲ, ಗೆದ್ದ ಮೇಲೆ ಹೋಗುವುದೇಕೆ ಎಂಬುದು ಅವರ ಎಣಿಕೆ. ಮೂರನೆಯ ವಾಯಿದೆಗೆ ಆಜ್ಞೆ ತೆರವಾಯಿತು. ಅವರಿಗೆ ಸಿಕ್ಕಿದ್ದು ಕೆಲವು ವಾರಗಳ ರಕ್ಷಣೆಯಷ್ಟೇ ಎಂಬುದನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಅಪ್ಪ ಆ ಸಸಿಗಳನ್ನು ನೆಡಿಸುತ್ತಿರಲಿಲ್ಲ. ತಡೆಯಾಜ್ಞೆ ಎಂದು ಬರೆಯಿರಿ, ನಿರ್ಬಂಧಕಾಜ್ಞೆ ಎಂದೇ ಬರೆಯಿರಿ, ಅದರ ಹಿಂದೆ ‘ತಾತ್ಕಾಲಿಕ’ ಎಂಬ ಪದವನ್ನು ಮಾತ್ರ ಬಿಡಬೇಡಿ ಎಂದು ಪತ್ರಿಕೆಯವರಲ್ಲಿ ಬೇಡಿಕೊಳ್ಳುತ್ತೇನೆ.

ಹಳೆಯ ದಫ್ತರ:
ಇಂಥ ಎಷ್ಟೋ ಜನರನ್ನು ಮೇಜಿನ ಆಚೆ ಬದಿಯಲ್ಲಿ ಕಂಡಿದ್ದೇನೆ. ನಿಮ್ಮ ತಂದೆಯವರಿಗೆ ಸಿಕ್ಕಿದ್ದು ಏಕಪಕ್ಷೀಯ ಮಧ್ಯಂತರ ಆಜ್ಞೆ. ಎದುರು ಪಕ್ಷಕ್ಕೆ ನೋಟಿಸು ನೀಡಿಯೇ ಇಂಥ ಆಜ್ಞೆ ಕೊಡಬೇಕೆಂಬುದು 39ನೇ ಆದೇಶದ 3ನೇ ನಿಯಮದ ಸಾಮಾನ್ಯ ಕ್ರಮ. ವಿಳಂಬದಿಂದ ಉದ್ದೇಶವೇ ಕೆಡುವಂತಿದ್ದರೆ ಮಾತ್ರ ಕಾರಣ ದಾಖಲಿಸಿ ನೋಟಿಸಿಲ್ಲದೆ ಕೊಡಬಹುದು. ಹಾಗೆ ಕೊಟ್ಟಾಗ ಅರ್ಜಿಯನ್ನು 30 ದಿನಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು 3ಎ ನಿಯಮ ಹೇಳುತ್ತದೆ. ಆದ್ದರಿಂದ ‘ಏಕಪಕ್ಷೀಯ’ ಎಂಬ ಒಂದು ವಿಶೇಷಣ ವಾಕ್ಯದಲ್ಲಿದ್ದರೆ, ಎದುರಿನವರ ಮಾತನ್ನು ನ್ಯಾಯಾಲಯ ಇನ್ನೂ ಕೇಳಿಲ್ಲವೆಂಬುದು ಓದುಗನಿಗೆ ತಿಳಿಯುತ್ತದೆ.

ಕಾವಲುಗಾರ:
ಇಷ್ಟೆಲ್ಲ ಏಕೆ? ತಡೆಯಾಜ್ಞೆ ಆರು ತಿಂಗಳಾದ ಮೇಲೆ ತಾನಾಗಿಯೇ ಬಿದ್ದುಹೋಗುತ್ತದೆಯಲ್ಲ.

ಕರಡುಪ್ರತಿ:
ಅದು ಈಗ ಸರಿಯಲ್ಲ. ಸಿವಿಲ್ ಮತ್ತು ಕ್ರಿಮಿನಲ್ ವಿಚಾರಣೆಗಳಿಗೆ ಕೊಟ್ಟ ತಡೆಯನ್ನು ಕಾರಣಸಹಿತ ಆದೇಶದಿಂದ ವಿಸ್ತರಿಸದಿದ್ದರೆ ಅದು ಆರು ತಿಂಗಳಲ್ಲಿ ಕೊನೆಗೊಳ್ಳುತ್ತದೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಏಷ್ಯನ್ ರಿಸರ್ಫೇಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಐವರು ನ್ಯಾಯಮೂರ್ತಿಗಳ ಪೀಠವು 2024ರ ಫೆಬ್ರವರಿ 29ರಂದು ಅದನ್ನು ಒಪ್ಪಲಿಲ್ಲ. ಕಾಲ ಕಳೆದ ಮಾತ್ರಕ್ಕೆ ತಡೆ ತಾನಾಗಿ ಕಳಚಿಹೋಗುವುದಿಲ್ಲ ಎಂಬುದು ಈಗಿನ ಸ್ಥಿತಿ. ಅಲ್ಲದೆ ಆ 2018ರ ಮಾತು ಬೇಲಿಯ ದಾವೆಯಲ್ಲಿ ಕೊಟ್ಟ ನಿರ್ಬಂಧಕಾಜ್ಞೆಯ ಬಗ್ಗೆ ಆಗಿರಲೇ ಇಲ್ಲ. ಎರಡಕ್ಕೂ ಒಂದೇ ಕನ್ನಡ ಪದ ಬಳಸುವುದರಿಂದ ಇಂಥ ತಪ್ಪುತಿಳಿವಳಿಕೆ ಹುಟ್ಟುತ್ತದೆ.

ಕಾವಲುಗಾರ:
ತಿಳಿಯಿತು. ಎರಡು ವರ್ಷಗಳಿಂದ ಇದನ್ನೇ ಎಲ್ಲರಿಗೂ ಹೇಳುತ್ತಿದ್ದೆ, ಇನ್ನು ಹೇಳುವುದಿಲ್ಲ.

ಸುದ್ದಿಮನೆ ಮೇಜು:
ತಡೆಯಾಜ್ಞೆ ಮತ್ತು ನಿರ್ಬಂಧಕಾಜ್ಞೆಗಳ ವಿಷಯದಲ್ಲಿ ನಾನು ಅರ್ಧ ಸೋತೆನೆಂದು ಒಪ್ಪುತ್ತೇನೆ. ವರದಿಯ ಒಳಗೆ ‘ನಿರ್ಬಂಧಕಾಜ್ಞೆ’ ಎಂದು ಬರೆಯಲು ನಮ್ಮ ಮೇಜಿನಲ್ಲಿ ಸೂಚಿಸುತ್ತೇನೆ, ತಲೆಬರಹದಲ್ಲಿ ‘ಮಳಿಗೆ ನಿರ್ಮಾಣಕ್ಕೆ ತಡೆ’ ಎಂದು ಆಜ್ಞೆಯನ್ನೇ ಬಿಟ್ಟು ಬರೆಯಬಹುದು. ಆದರೆ ನಮ್ಮಲ್ಲಿ ನಾಮಪದಕ್ಕಿಂತ ಹೆಚ್ಚಾಗಿ ಕೆಡುವುದು ಕ್ರಿಯಾಪದ. ‘ತಡೆಯಾಜ್ಞೆ ವಜಾ’, ‘ಅರ್ಜಿ ರದ್ದು’, ‘ತೀರ್ಪು ತೆರವು’ ಎಂದು ಬರೆದು ತರುವವರಿದ್ದಾರೆ. ಅರ್ಜಿ ವಜಾ ಆಗುತ್ತದೆ, ಆದೇಶ ರದ್ದಾಗುತ್ತದೆ, ತಡೆ ತೆರವಾಗುತ್ತದೆ ಎಂದು ಹೊಸಬರಿಗೆ ಪ್ರತಿ ತಿಂಗಳೂ ಹೇಳುತ್ತೇನೆ. ‘ತೆರವು’ ಕೂಡ ಕಾಟ ಕೊಡುತ್ತದೆ. ಒಮ್ಮೆ ‘ಒತ್ತುವರಿ ತೆರವಿಗೆ ನೀಡಿದ್ದ ತಡೆಯಾಜ್ಞೆ ತೆರವು’ ಎಂದು ಬಂದಿತ್ತು. ಓದುಗರಿಗೆ ಮೂರು ಸಲ ಓದಿದರೂ ತಿಳಿಯದ ಆ ವಾಕ್ಯವನ್ನು ‘ಒತ್ತುವರಿ ಕೆಡವಲು ಇದ್ದ ಅಡ್ಡಿ ನಿವಾರಣೆ’ ಎಂದು ತಿದ್ದಿದೆ.

ಹಳೆಯ ದಫ್ತರ:
ಅದಕ್ಕಿಂತ ದೊಡ್ಡ ಕಾಟ ‘ಜಾರಿ’ಯದು. ನೋಟಿಸು ಜಾರಿಯಾಯಿತು ಎಂದರೆ ಕಚೇರಿಯ ಭಾಷೆಯಲ್ಲಿ ಅದು ಆ ವ್ಯಕ್ತಿಯ ಕೈಸೇರಿತು ಎಂದು. ಪತ್ರಿಕೆಯ ಭಾಷೆಯಲ್ಲಿ ಹೊರಟಿತು ಎಂದು. ಡಿಕ್ರಿ ಜಾರಿ ಎಂದರೆ ಅಮಲ್ಜಾರಿ. ಹೀಗಿರುವಾಗ ‘ನಿರ್ಬಂಧಕಾಜ್ಞೆ ಜಾರಿ’ ಎಂದರೆ ನ್ಯಾಯಾಧೀಶರು ಸಹಿ ಹಾಕಿದರೋ, ಪಂಚಾಯಿತಿಗೆ ಪ್ರತಿ ತಲುಪಿತೋ, ಅಲ್ಲಿ ಕೆಲಸ ನಿಂತಿತೋ? ಮೇಲೆ ಹೇಳಿದಂತೆ ತಿಳಿದ ಮೇಲೆಯೇ ಉಲ್ಲಂಘನೆಯ ಪ್ರಶ್ನೆ ಬರುತ್ತದೆ. ಉಲ್ಲಂಘಿಸಿದರೆ 39ನೇ ಆದೇಶದ 2ಎ ನಿಯಮದಂತೆ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸವೂ ಆಗಬಹುದು. ಇಷ್ಟು ಭಾರ ಹೊರಬೇಕಾದ ಕ್ರಿಯಾಪದವು ಮೂರು ಕಡೆಗೆ ವಾಲಬಾರದು. ನ್ಯಾಯಾಲಯ ‘ನೀಡಿತು’ ಅಥವಾ ‘ಹೊರಡಿಸಿತು’, ವಾದಿ ‘ಪಡೆದನು’, ಪ್ರತಿವಾದಿಗೆ ‘ತಲುಪಿತು’ ಎಂದು ಬಿಡಿಸಿ ಬರೆಯಿರಿ.

ಮಲಪ್ರಭೆ:
‘ತಂದನು’ ಎಂಬುದೂ ಇರಲಿ. ‘ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದಾರೆ’ ಎಂಬುದರಲ್ಲಿ ಊರಿನ ಜೀವವಿದೆ. ಮನುಷ್ಯ ಬಸ್ಸು ಹತ್ತಿ ಹೋಗಿ, ದಿನವಿಡೀ ಕಾದು, ಕಾಗದ ಹಿಡಿದು ಬಂದದ್ದು ಆ ಮಾತಿನಲ್ಲಿ ಕಾಣುತ್ತದೆ.

ಹಳೆಯ ದಫ್ತರ:
ಒಪ್ಪಿದೆ. ಅದರಿಂದ ಅರ್ಥಕ್ಕೂ ಕುಂದಿಲ್ಲ.

ಕರಡುಪ್ರತಿ:
‘ರದ್ದು’ ಎಂಬ ಪದದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಮೇಲಿನ ನ್ಯಾಯಾಲಯ ಒಂದು ಆದೇಶಕ್ಕೆ ತಡೆ ಕೊಟ್ಟ ಮರುದಿನವೇ ‘ಆದೇಶ ರದ್ದು’ ಎಂದು ಬರೆಯುವುದನ್ನು ನೋಡುತ್ತೇವೆ. ಸುಪ್ರೀಂ ಕೋರ್ಟ್ 1992ರಲ್ಲಿ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದೆ. ಆದೇಶ ರದ್ದಾದರೆ ಅದು ಹುಟ್ಟುವುದಕ್ಕೆ ಮುಂಚಿನ ಸ್ಥಿತಿ ಮರಳುತ್ತದೆ. ಆದೇಶಕ್ಕೆ ತಡೆ ಬಂದರೆ ಆ ದಿನದಿಂದ ಅದು ನಡೆಯುವುದಿಲ್ಲ ಅಷ್ಟೇ, ಆದೇಶವು ಅಳಿಸಿಹೋಗುವುದಿಲ್ಲ. ಅಮಾನತಾದ ನೌಕರರೊಬ್ಬರ ಅಮಾನತಿಗೆ ತಡೆ ಸಿಕ್ಕಿದಾಗ ‘ಅಮಾನತು ರದ್ದು’ ಎಂದು ಬರೆದರೆ, ಅವರ ಮೇಲಿನ ಆರೋಪವೇ ಬಿದ್ದುಹೋಯಿತೆಂದು ಊರು ತಿಳಿಯುತ್ತದೆ. ನಾಳೆ ತಡೆ ತೆರವಾದರೆ, ರದ್ದಾದದ್ದು ಮತ್ತೆ ಹೇಗೆ ಬಂತು ಎಂಬ ಪ್ರಶ್ನೆಗೆ ಪತ್ರಿಕೆಯ ಬಳಿ ಉತ್ತರವಿರುವುದಿಲ್ಲ.

ಅಡಿಕೆತೋಟ:
ಹಾಗಾದರೆ ‘ಯಥಾಸ್ಥಿತಿ’ ಎಂದು ಆದೇಶದಲ್ಲಿ ಬರೆದಿದ್ದರೆ ಅದನ್ನೂ ತಡೆಯಾಜ್ಞೆ ಎನ್ನಬಹುದೇ? ನಮ್ಮ ಎರಡನೆಯ ದಾವೆಯಲ್ಲಿ ಹಾಗೆ ಬಂದಿತ್ತು.

ಕರಡುಪ್ರತಿ:
ಬೇಡ. ಯಥಾಸ್ಥಿತಿ ಎಂಬುದು ಸಾಮಾನ್ಯವಾಗಿ ಇಬ್ಬರನ್ನೂ ಕಟ್ಟಿಹಾಕುತ್ತದೆ, ಅರ್ಜಿ ಹಾಕಿದವನೂ ಅದಕ್ಕೆ ಒಳಪಡುತ್ತಾನೆ. ‘ಉಭಯ ಪಕ್ಷಗಳೂ ಯಥಾಸ್ಥಿತಿ ಕಾಪಾಡಬೇಕು’ ಎಂದೇ ಬರೆಯಿರಿ. ಯಾವ ದಿನದ ಸ್ಥಿತಿ, ಸ್ವಾಧೀನದ ಸ್ಥಿತಿಯೋ ಕಟ್ಟಡದ ಸ್ಥಿತಿಯೋ ಎಂಬುದು ಆದೇಶದಲ್ಲಿದ್ದರೆ ಅದನ್ನೂ ಬರೆಯಿರಿ.

ಹೊಂಗೆನೆರಳು:
ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಆಡಿದ ಮಾತನ್ನು ‘ಹೈಕೋರ್ಟ್ ಆದೇಶ’ ಎಂದು ಬರೆಯುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ?

ಸುದ್ದಿಮನೆ ಮೇಜು:
ಅದು ತಪ್ಪು, ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಬಾಯಿಮಾತಿಗೆ ‘ಪ್ರಶ್ನಿಸಿತು’, ‘ಮೌಖಿಕವಾಗಿ ಹೇಳಿತು’ ಎಂದು ಬರೆಯಬೇಕು. ಲಿಖಿತ ಆದೇಶ ಬರುವವರೆಗೆ ‘ಆದೇಶಿಸಿತು’ ಎಂಬ ಕ್ರಿಯಾಪದವನ್ನು ಮುಟ್ಟಬಾರದು.

ವರದಾತೀರ:
ಎಲ್ಲರಿಗೂ ಋಣಿಯಾಗಿದ್ದೇನೆ. ಇಂದು ಬೆಳಿಗ್ಗೆ ನ್ಯಾಯಾಲಯದ ಆದೇಶದ ಪ್ರತಿಯನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ಆಜ್ಞೆಗೆ ಒಳಪಟ್ಟ ಜಾಗದ ಚಕ್ಕುಬಂದಿಯನ್ನು ನಾಲ್ಕು ಸಾಲುಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಮೈದಾನದ ಪೂರ್ವದ ಅಂಚಿನ ಪಟ್ಟಿ ಬಿಟ್ಟರೆ ಉಳಿದ ಮೈದಾನದ ಹೆಸರೇ ಅದರಲ್ಲಿಲ್ಲ. ಮೊದಲ ಸಲವೇ ಆ ನಾಲ್ಕು ಸಾಲುಗಳನ್ನು ಗಮನವಿಟ್ಟು ಓದಿದ್ದರೆ ಪದದ ಆಯ್ಕೆಗಿಂತ ಮುಂಚೆ ವಿಷಯವೇ ಸರಿಯಾಗುತ್ತಿತ್ತು. ಮೊದಲ ಪುಟಕ್ಕೆ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

‘ಸಂತೆ ಮೈದಾನದ ಪೂರ್ವದ ಅಂಚಿನಲ್ಲಿರುವ ದಾವಾ ಜಾಗದಲ್ಲಿ ಮಳಿಗೆಗಳನ್ನು ಕಟ್ಟದಂತೆ ಸಿವಿಲ್ ನ್ಯಾಯಾಲಯವು ಗ್ರಾಮ ಪಂಚಾಯಿತಿಯ ವಿರುದ್ಧ ಏಕಪಕ್ಷೀಯ ತಾತ್ಕಾಲಿಕ ನಿರ್ಬಂಧಕಾಜ್ಞೆ ನೀಡಿದೆ. ಮೈದಾನದಲ್ಲಿ ಜನ ಸೇರುವುದಕ್ಕಾಗಲಿ, ಮಂಗಳವಾರದ ಸಂತೆಗಾಗಲಿ ಯಾವ ಅಡ್ಡಿಯೂ ಇಲ್ಲ. ಇದನ್ನು ನಿಷೇಧಾಜ್ಞೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದದ್ದು ನಮ್ಮ ತಪ್ಪು. ಅದರಿಂದ ನಷ್ಟಕ್ಕೊಳಗಾದ ವ್ಯಾಪಾರಿಗಳ ಕ್ಷಮೆ ಕೋರುತ್ತೇವೆ.’

ನುಡಿಗಟ್ಟು:
‘ಯಾರ ವಿರುದ್ಧ’ ಎಂಬುದೂ ಬಂದಿದೆ, ‘ಏನು ಮಾಡದಂತೆ’ ಎಂಬುದೂ ಬಂದಿದೆ. ಸೊಪ್ಪಿನವರು ಪತ್ರಿಕೆ ಓದದಿದ್ದರೆ ಸೋಮವಾರ ಸಂಜೆ ಯಾರಾದರೂ ಅವರ ಕೇರಿಗೆ ಹೋಗಿ ಓದಿ ಹೇಳಲಿ.

ಹಳೆಯ ದಫ್ತರ:
ಎಲ್ಲಿಯವರೆಗೆ ಎಂಬುದು ಬಿಟ್ಟುಹೋಗಿದೆ. ಆದೇಶದ ಕೊನೆಯ ಸಾಲು ನೋಡಿ, ‘ಮುಂದಿನ ವಿಚಾರಣೆಯ ದಿನಾಂಕದವರೆಗೆ’ ಎಂದು ಇದ್ದೇ ಇರುತ್ತದೆ.

ವರದಾತೀರ:
ಇದೆ. ‘ಮುಂದಿನ ವಿಚಾರಣೆಯವರೆಗೆ’ ಎಂದು ‘ಏಕಪಕ್ಷೀಯ’ದ ಹಿಂದೆ ಸೇರಿಸಿ ಪುಟವನ್ನು ಈಗಷ್ಟೇ ಮುದ್ರಣಕ್ಕೆ ಕಳುಹಿಸಿದೆ. ಸೋಮವಾರ ಸಂಜೆ ಕೇರಿಗೆ ನಾನೇ ಹೋಗುತ್ತೇನೆ.